ಆಟಿಕೆಗಳ ಲೆಕ್ಕ ತಾಳೆಯಾಗಲಿ

ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು ನಾನು. ಹೆಚ್ಚಿನ ಕಾಲ ಕಳೆದದ್ದು ನಗದು ಕೌಂಟರಿನಲ್ಲೇ. ಸಂಜೆ ನಗದು ತಾಳೆಯಾಗದೆ ಮನೆಗೆ ಹೋಗುವಂತಿರಲಿಲ್ಲ. ಒಮ್ಮೆ ಬರೀ ಹತ್ತು ರೂಪಾಯಿ ವ್ಯತ್ಯಾಸಕ್ಕಾಗಿ ರಾತ್ರಿ ಒಂಬತ್ತರವರೆಗೆ ಕೂತು, ಕಟ್ಟುಗಳನ್ನೆಲ್ಲ ಮತ್ತೆ ಮತ್ತೆ ಎಣಿಸಿದ್ದೇನೆ. ಕೊನೆಗೆ ಎರಡು ಹೊಸ ನೋಟುಗಳು ಒಂದಕ್ಕೊಂದು ಅಂಟಿಕೊಂಡಿದ್ದು ಸಿಕ್ಕಿತು. ಇಷ್ಟು ಶಿಸ್ತು ಕಲಿತ ನಾನು ಸ್ವಂತ ಮನೆಯ ಪಡಸಾಲೆಯಲ್ಲಿ ಏನಿದೆ, ಏನಿಲ್ಲ ಎಂಬ ಲೆಕ್ಕವನ್ನೇ ಇಟ್ಟಿರಲಿಲ್ಲ. ಅದರಿಂದ ಏನಾಗಬಹುದಿತ್ತು ಎಂಬುದು ಕಳೆದ ದಸರಾ ರಜೆಯ ಒಂದು ರಾತ್ರಿ ತಿಳಿಯಿತು.

ನಮ್ಮದು ಸಖರಾಯಪಟ್ಟಣ. ಕಡೂರಿನಿಂದ ಚಿಕ್ಕಮಗಳೂರಿಗೆ ಹೋಗುವ ದಾರಿಯಲ್ಲಿರುವ ಊರು. ಹತ್ತಿರದಲ್ಲೇ ಅಯ್ಯನಕೆರೆ, ಅದರ ಮಗ್ಗುಲಲ್ಲಿ ಶಕುನಗಿರಿ. ಮನೆ ಹಳೆಯದು, ಹೆಂಚಿನದು. ಪಡಸಾಲೆ, ನಡುಮನೆ, ಅಟ್ಟ, ಹಿತ್ತಿಲಲ್ಲಿ ನೀರಿನ ಸಂಪು. ವರ್ಷದ ಹೆಚ್ಚಿನ ದಿನ ನಾವಿಬ್ಬರೇ ಮುದುಕರು. ಮಗ, ಸೊಸೆ ಬೆಂಗಳೂರಿನಲ್ಲಿದ್ದಾರೆ. ರಜೆ ಬಂತೆಂದರೆ ಕಡೂರಿಗೆ ರೈಲಿನಲ್ಲಿ ಬಂದಿಳಿದು, ಬಸ್ಸು ಹತ್ತಿ ಮನೆ ತಲುಪುತ್ತಾರೆ. ಮೊಮ್ಮಗ ಮೂರನೇ ತರಗತಿ. ಮೊಮ್ಮಗಳಿಗೆ ಆಗ ಒಂದೂವರೆ ವರ್ಷ, ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುವ ವಯಸ್ಸು.

ಅವರು ಬರುವ ಮೊದಲು ನಾನು ಮಾಡಿದ ಸಿದ್ಧತೆ ಏನು? ಅಟ್ಟದಿಂದ ಹಳೆಯ ಕಬ್ಬಿಣದ ಟ್ರಂಕು ಇಳಿಸಿದೆ. ಅದರಲ್ಲಿ ಮಗನ ಕಾಲದ ಮರದ ಗಾಡಿ, ಬುಗುರಿ, ಗೋಲಿಗಳು, ಜೊತೆಗೆ ನನ್ನ ತಾಯಿ ಆಡುತ್ತಿದ್ದ ಅಳಗುಳಿಮಣೆ. ಮಲೆನಾಡಿನ ಕಡೆ ಇದನ್ನೇ ಚೆನ್ನೆಮಣೆ ಎನ್ನುತ್ತಾರೆ. ಸಾಲಿಗೆ ಏಳರಂತೆ ಹದಿನಾಲ್ಕು ಗುಳಿ. ಗುಳಿಗೆ ನಾಲ್ಕರಂತೆ ಒಟ್ಟು 56 ಗುಲಗಂಜಿ. ಇದರ ಜೊತೆಗೆ ಜಾತ್ರೆಯಲ್ಲಿ ಕೊಂಡ, ಒತ್ತಿದರೆ ಹಾಡುವ ಪ್ಲಾಸ್ಟಿಕ್ ನಾಯಿಮರಿಯನ್ನೂ ಇಟ್ಟೆ. ಎಲ್ಲವನ್ನೂ ಟ್ರಂಕಿಗೆ ಸುರಿದು ‘ಇದು ನಿಮ್ಮ ಖಜಾನೆ’ ಎಂದು ಮಕ್ಕಳ ಮುಂದೆ ತೆರೆದಿಟ್ಟೆ. ಆ ಮುಖಗಳಲ್ಲಿ ಕಂಡ ಸಂತೋಷ ನೋಡಿ, ಅಜ್ಜನೆಂದರೆ ನಾನೇ ಎಂದು ಬೀಗಿದ್ದೂ ಉಂಟು.

ಎರಡು ಇತ್ತು, ಮೂರನೆಯದು ಎಲ್ಲಿ?

ವಿಜಯದಶಮಿಗೆ ಎರಡು ದಿನ ಮೊದಲು. ಸಂಜೆ ದೀಪ ಹಚ್ಚುವ ಹೊತ್ತು. ನಾಯಿಮರಿ ಹಾಡು ನಿಲ್ಲಿಸಿತ್ತು. ತಿರುಗಿಸಿ ನೋಡಿದರೆ ಹೊಟ್ಟೆಯ ಮುಚ್ಚಳವಿಲ್ಲ. ಅಂಗಿ ಗುಂಡಿಯಂಥ ಪುಟ್ಟ ಬ್ಯಾಟರಿಗಳು ಮೂರು ಇರಬೇಕಾದ ಕಡೆ ಎರಡೇ ಇದ್ದವು. ಮೊಮ್ಮಗಳು ಪಕ್ಕದಲ್ಲೇ ಕೂತು, ಬಾಯಿಂದ ಜೊಲ್ಲು ಸುರಿಸುತ್ತಾ ನನ್ನನ್ನು ನೋಡಿ ನಗುತ್ತಿದ್ದಳು.

ಎದೆ ಧಸಕ್ಕೆಂದಿತು. ಮೊಮ್ಮಗನ ಕಡೆ ತಿರುಗಿ, ‘ಇದನ್ನು ಬಿಚ್ಚಿದ್ದು ಯಾರು? ನೀನೇನೋ?’ ಎಂದು ಕೂಗಿದೆ. ಆ ಕೂಗಿಗೆ ಸೊಸೆ ಅಡುಗೆಮನೆಯಿಂದ ಓಡಿ ಬಂದಳು. ಹುಡುಗ ಗೋಡೆಗೆ ಒರಗಿ ‘ನಂಗೊತ್ತಿಲ್ಲ’ ಎಂದ. ಚಾಪೆ ಕೊಡವಿದೆವು, ಟ್ರಂಕು ಬರಿದು ಮಾಡಿದೆವು, ಟಾರ್ಚು ಹಿಡಿದು ಮಂಚದಡಿ ನೋಡಿದೆವು. ಸಿಗಲಿಲ್ಲ. ಮಗ ಹೆಚ್ಚು ಹೊತ್ತು ಕಾಯಲಿಲ್ಲ. ಪಕ್ಕದ ಮನೆಯವರ ಕಾರಿನಲ್ಲಿ ಮಗುವನ್ನು ಎತ್ತಿಕೊಂಡು ಚಿಕ್ಕಮಗಳೂರಿಗೆ ಹೊರಟೆವು. ಇಪ್ಪತ್ತು ಕಿಲೋಮೀಟರಿನ ಆಸುಪಾಸಿನ ದಾರಿ ಅದು. ಉದ್ಯೋಗದಲ್ಲಿದ್ದಾಗ ನೂರಾರು ಸಲ ಓಡಾಡಿದ್ದೇನೆ. ಅಂದಿನಷ್ಟು ಉದ್ದವಾಗಿ ಅದು ಎಂದೂ ಕಂಡಿರಲಿಲ್ಲ. ದಾರಿಯಲ್ಲಿ ಬಾಳೆಹಣ್ಣು ತಿನ್ನಿಸಿದರೆ ಕೆಳಗಿಳಿದೀತು ಎಂದು ನಾನು ಹೇಳಿದೆ. ಪುಣ್ಯಕ್ಕೆ ಸೊಸೆ ನನ್ನ ಮಾತು ಕೇಳಲಿಲ್ಲ.

ಆಸ್ಪತ್ರೆಯಲ್ಲಿ ಎಕ್ಸ್-ರೇ ತೆಗೆದರು. ಗಂಟಲಿನಿಂದ ಹೊಟ್ಟೆಯವರೆಗೆ ಲೋಹದ ಚೂರು ಎಲ್ಲೂ ಇರಲಿಲ್ಲ. ಸೊಸೆ ಅಲ್ಲೇ ಬೆಂಚಿನ ಮೇಲೆ ಕುಸಿದು ಅತ್ತಳು.

ವೈದ್ಯರು ನಿಧಾನವಾಗಿ ವಿವರಿಸಿದರು. ನಾಣ್ಯ ನುಂಗುವುದಕ್ಕೂ ಗುಂಡಿ ಬ್ಯಾಟರಿ ನುಂಗುವುದಕ್ಕೂ ಬಹಳ ವ್ಯತ್ಯಾಸ. ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ, ಅಲ್ಲಿನ ಒದ್ದೆಯ ಮೂಲಕ ವಿದ್ಯುತ್ ಹರಿದು ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ಅದು ಎರಡೇ ಗಂಟೆಯಲ್ಲಿ ಅನ್ನನಾಳದ ಗೋಡೆಯನ್ನು ಸುಡಬಲ್ಲದು. ದೊಡ್ಡ ನಾಣ್ಯದಂಥ ಲಿಥಿಯಂ ಬ್ಯಾಟರಿಯಿಂದ ಅಪಾಯ ಇನ್ನೂ ಹೆಚ್ಚು. ಮಾರಿಯಂಥ ಅದು ರಿಮೋಟು, ಮಿನುಗುವ ದೀಪ, ತೂಕದ ಯಂತ್ರಗಳಲ್ಲೂ ಅಡಗಿರುತ್ತದೆ. ಮೊದಲಿಗೆ ಮಗು ಚೆನ್ನಾಗಿಯೇ ಕಾಣಬಹುದು, ನಗಬಹುದು. ಹಾಗೆಂದು ಬೆಳಗಾಗಲಿ ನೋಡೋಣ ಎನ್ನಬಾರದು. ವಾಂತಿ ಮಾಡಿಸಬಾರದು, ತಿನ್ನಿಸಬಾರದು, ಎಕ್ಸ್-ರೇ ಇರುವ ಆಸ್ಪತ್ರೆಗೆ ನೇರ ಓಡಬೇಕು.

ಹೊರಡುವಾಗ ಅವರು ಕೇಳಿದರು: ‘ಮನೆಯಲ್ಲಿ ಬೇರೆ ಯಾರಾದರೂ ಅದನ್ನು ತೆಗೆದಿಟ್ಟಿರಬಹುದೇ? ದೊಡ್ಡ ಮಗುವನ್ನು ಮೆಲ್ಲಗೆ ಕೇಳಿದಿರಾ?’ ಮೆಲ್ಲಗೆ ಕೇಳಿರಲಿಲ್ಲ. ನಾನು ತಲೆ ತಗ್ಗಿಸಿದೆ.

ಐವತ್ತಾರನೆಯ ಕಾಯಿ

ಮನೆ ಸೇರುವಾಗ ರಾತ್ರಿ ಹನ್ನೊಂದು ದಾಟಿತ್ತು. ಮೊಮ್ಮಗ ಮುಖದ ತನಕ ಹೊದಿಕೆ ಎಳೆದುಕೊಂಡು ಮಲಗಿದ್ದ. ನಿದ್ದೆ ಬಂದಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಬೆಳಿಗ್ಗೆ ನನ್ನ ಹೆಂಡತಿ ಅವನನ್ನು ಹಿತ್ತಿಲಿಗೆ ಕರೆದುಕೊಂಡು ಹೋಗಿ, ಹೂ ಬಿಡಿಸುತ್ತಾ, ‘ಪಾಪು ಚೆನ್ನಾಗಿದ್ದಾಳೆ, ಏನೂ ಆಗಿಲ್ಲ’ ಎಂದಳಂತೆ. ಅಷ್ಟೇ, ಇನ್ನೇನೂ ಕೇಳಲಿಲ್ಲವಂತೆ. ಹುಡುಗ ಅಳುತ್ತಾ ಒಳಗೆ ಬಂದು ಅಳಗುಳಿಮಣೆಯನ್ನು ಎತ್ತಿ ಕೊಟ್ಟ. ಎಡಗಡೆಯ ಮೂರನೇ ಗುಳಿಯಲ್ಲಿ, ಕೆಂಪು ಗುಲಗಂಜಿಗಳ ನಡುವೆ, ಬ್ಯಾಟರಿ ಹೊಳೆಯುತ್ತಿತ್ತು.

ಗುಲಗಂಜಿ ಎಣಿಸಿದಾಗ 55 ಇತ್ತು, ಒಂದು ಕಡಿಮೆ. ಆಟಕ್ಕೆ 56 ಬೇಕೇ ಬೇಕಲ್ಲ? ನಾಯಿಮರಿಯ ಮುಚ್ಚಳ ಮೊದಲೇ ಸಡಿಲ. ಉಗುರಿನಿಂದ ತೆಗೆದು ಒಂದು ಬ್ಯಾಟರಿ ಎತ್ತಿ ಕಾಯಿಯಾಗಿ ಇಟ್ಟುಕೊಂಡಿದ್ದ. ಲೆಕ್ಕ ಸರಿದೂಗಿಸಿದ್ದ! ನಾನು ಕೂಗಿದ್ದಕ್ಕೆ ಹೆದರಿ ಬಾಯಿ ಬಿಡಲಿಲ್ಲ. ಅವನು ಒಂದು ಮಾತು ಹೇಳಿದ್ದರೆ ಎಕ್ಸ್-ರೇ ಬೇಕಾಗುತ್ತಿರಲಿಲ್ಲ. ಆದರೆ ಆ ಮಾತು ಹೇಳಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ಒಂದು ವೇಳೆ ಮಗು ನಿಜಕ್ಕೂ ನುಂಗಿದ್ದು, ಅದನ್ನು ಕಂಡ ಹುಡುಗ ಹೀಗೇ ಹೆದರಿ ಸುಮ್ಮನಿದ್ದಿದ್ದರೆ? ಆ ಯೋಚನೆ ಇವತ್ತಿಗೂ ನನ್ನನ್ನು ಕಾಡುತ್ತದೆ.

ಇಷ್ಟಕ್ಕೇ ಕಥೆ ಮುಗಿಯಲಿಲ್ಲ. ಬ್ಯಾಟರಿ ಸಿಕ್ಕಿತೆಂದು ತಿಳಿಸಲು ವೈದ್ಯರಿಗೆ ಫೋನು ಮಾಡಿದಾಗ, ಎಲ್ಲಿ ಸಿಕ್ಕಿತೆಂದೂ ಹೇಳಿದೆ. ‘ಗುಲಗಂಜಿಯನ್ನು ಮೊದಲು ಮನೆಯಿಂದ ತೆಗೆಯಿರಿ. ಅದೇ ವಿಷದ ಬೀಜ’ ಎಂದರು ಅವರು. ನನಗೆ ಇದು ಹೊಸ ವಿಷಯ. ಚಿನ್ನದ ಸಾಲ ಕೊಡುವಾಗ ಅಕ್ಕಸಾಲಿಗರು ಗುಲಗಂಜಿ ತೂಕದ ಮಾತಾಡುತ್ತಿದ್ದುದನ್ನು ಕೇಳಿದ್ದೆನೇ ಹೊರತು, ಅದರೊಳಗಿನ ವಿಷದ ಸುದ್ದಿ ಕೇಳಿರಲಿಲ್ಲ. ಅದರಲ್ಲಿ ಅಬ್ರಿನ್ ಎಂಬ ವಿಷವಿದೆ. ಸಿಪ್ಪೆ ಬಹಳ ಗಟ್ಟಿಯಾದ್ದರಿಂದ ಇಡಿಯಾಗಿ ನುಂಗಿದರೆ ಎಷ್ಟೋ ಸಲ ಹಾಗೇ ಹೊರಬಂದುಬಿಡುತ್ತದೆ. ಅಗಿದರೆ, ಒಡೆದಿದ್ದರೆ, ಸರಕ್ಕೆಂದು ತೂತು ಕೊರೆದಿದ್ದರೆ ಪ್ರಾಣಾಪಾಯ. ಹರಳು ಬೀಜವೂ ಹೀಗೆಯೇ, ಅದರಲ್ಲಿರುವುದು ರಿಸಿನ್ ಎಂಬ ವಿಷ. ನಮ್ಮ ಬಯಲುಸೀಮೆಯ ಅಂಗಳಗಳಲ್ಲಿ ಹರಳು ಒಣಗಿಸುವಾಗ ಮಕ್ಕಳು ಅದರಲ್ಲೇ ಕೂತು ಆಡುವುದನ್ನು ಎಲ್ಲರೂ ನೋಡಿದ್ದೇವೆ. ತಾಯಿ ಆಡಿದ್ದು, ಅಜ್ಜಿ ಆಡಿದ್ದು ಎಂಬ ಒಂದೇ ಕಾರಣಕ್ಕೆ ಎಲ್ಲವೂ ಮಗುವಿನ ಕೈಗೆ ತಕ್ಕದ್ದಲ್ಲ. ಅಂದು ಕಳೆದುಹೋಗಿದ್ದ ಆ ಒಂದು ಗುಲಗಂಜಿ ನಾಲ್ಕು ದಿನದ ಮೇಲೆ ಟ್ರಂಕಿನ ಮಡಿಕೆಯಲ್ಲಿ ಸಿಕ್ಕಿತು. ಅಲ್ಲಿಯವರೆಗೆ ನನಗೆ ಊಟ ರುಚಿಸಲಿಲ್ಲ.

ಮೂಲೆ ಸಿದ್ಧವಾದ ಬಗೆ

ಆ ರಜೆಯ ಉಳಿದ ದಿನಗಳಲ್ಲಿ ಮಗ, ಮೊಮ್ಮಗ, ನಾನು ಸೇರಿ ಪಡಸಾಲೆಯ ಒಂದು ಮೂಲೆಯನ್ನು ಆಟಕ್ಕೆಂದು ಸಿದ್ಧಮಾಡಿದೆವು. ಖರ್ಚು ಹೆಚ್ಚಾಗಲಿಲ್ಲ. ಹಿರಿಯರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ.

ಮೊದಲು ಜಾಗ. ಅಡುಗೆಮನೆ, ಇಸ್ತ್ರಿ ಮೇಜು, ದೇವರ ದೀಪ, ಹಿತ್ತಿಲ ಬಾಗಿಲು ಇವುಗಳಿಂದ ದೂರ, ಆದರೆ ದೊಡ್ಡವರ ಕಣ್ಣಿಗೆ ಬೀಳುವಂತಿರಬೇಕು. ಕೋಣೆಯೊಳಗೆ ಬಾಗಿಲು ಮುಚ್ಚಿ ಆಡುವ ಮಗುವಿಗಿಂತ ಪಡಸಾಲೆಯಲ್ಲಿ ಗಲಾಟೆ ಮಾಡುವ ಮಗು ಕ್ಷೇಮ. ಕಿಟಕಿ ಕೆಳಗೆ, ತಾರಸಿಯ ಗೋಡೆ ಪಕ್ಕ ಕುರ್ಚಿ, ಸ್ಟೂಲು ಇಡಬಾರದು, ಮಕ್ಕಳಿಗೆ ಅದೇ ಏಣಿ. ಮೆಟ್ಟಿಲು, ಬಾಲ್ಕನಿಗಳ ಸರಳುಗಳ ನಡುವೆ ಹತ್ತು ಸೆಂಟಿಮೀಟರಿಗಿಂತ ಹೆಚ್ಚು ಸಂದಿ ಇದ್ದರೆ ಜಾಲರಿ ಕಟ್ಟಿಸಿ.

ಎರಡನೆಯದು ಟ್ರಂಕು. ಅದನ್ನು ವಾಪಸು ಅಟ್ಟಕ್ಕೆ ಕಳಿಸಿದೆ. ಭಾರದ ಮುಚ್ಚಳ ಬಗ್ಗಿದ ಮಗುವಿನ ಕತ್ತಿನ ಮೇಲೆ, ಬೆರಳಿನ ಮೇಲೆ ಬೀಳಬಹುದು. ಕಣ್ಣಾಮುಚ್ಚಾಲೆ ಆಡುವಾಗ ಒಳಗೆ ಅಡಗಿದರೆ ಉಸಿರುಗಟ್ಟಬಹುದು. ಪೆಟ್ಟಿಗೆಯೇ ಬೇಕೆಂದರೆ ಮುಚ್ಚಳ ಕಳಚಿಬಿಡಿ. ನಾವು ಮಗುವಿನ ಎದೆಯ ಎತ್ತರದ, ಬಾಗಿಲಿಲ್ಲದ ಮರದ ಶೆಲ್ಫು ಮಾಡಿಸಿದೆವು. ಭಾರದ ವಸ್ತು ಕೆಳಗೆ, ಹಗುರದ್ದು ಮೇಲೆ. ಶೆಲ್ಫನ್ನು ಎಲ್ ಆಕಾರದ ಪಟ್ಟಿಯಿಂದ ಗೋಡೆಗೆ ತಿರುಪು ಹಾಕಿ ಬಿಗಿಸಿದೆವು. ಮಕ್ಕಳು ಶೆಲ್ಫು ಹತ್ತುವುದನ್ನು ನಾವು ತಡೆಯಲಾರೆವು, ಅದು ಮಗುಚಿ ಬೀಳುವುದನ್ನು ತಡೆಯಬಲ್ಲೆವು. ಟಿವಿಗೂ ಅಲಮಾರಿಗೂ ಇದೇ ನಿಯಮ.

ಮೂರನೆಯದು ವಯಸ್ಸಿನ ವಿಂಗಡಣೆ. ಮೂರು ವರ್ಷದೊಳಗಿನ ಮಗುವಿಗೆ ಯಾವುದು ಚಿಕ್ಕದು? ಆಟಿಕೆಗಳ ಪರೀಕ್ಷೆಯಲ್ಲಿ ಸುಮಾರು 32 ಮಿಲಿಮೀಟರ್ ಅಗಲದ ಚಿಕ್ಕ ಕೊಳವೆಯನ್ನು ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಹುದು. ನಮ್ಮ ಕಾಲದ ಕ್ಯಾಮೆರಾ ರೀಲಿನ ಪ್ಲಾಸ್ಟಿಕ್ ಡಬ್ಬಿ ಹೆಚ್ಚುಕಡಿಮೆ ಅದೇ ಅಳತೆ. ಮನೆಯಲ್ಲಿದ್ದರೆ ಹುಡುಕಿ ತೆಗೆಯಿರಿ. ಗೋಲಿ, ಹುಣಸೆಬೀಜ, ಕವಡೆ, ಪೆನ್ನಿನ ಮುಚ್ಚಳ, ಚಿಕ್ಕ ಬೀಗ ಎಲ್ಲವೂ ಅದರೊಳಗೆ ಇಳಿದವು. ಇವೆಲ್ಲ ಈಗ ಮೇಲಿನ ಗೂಡಿನಲ್ಲಿ. ಪುಟ್ಟ ಅಯಸ್ಕಾಂತದ ಗುಂಡುಗಳಂತೂ ಮನೆಗೇ ಬೇಡ. ಎರಡು ನುಂಗಿದರೆ ಅವು ಕರುಳಿನೊಳಗೆ ಒಂದನ್ನೊಂದು ಎಳೆದುಕೊಂಡು ಕರುಳನ್ನೇ ತೂತು ಮಾಡಬಲ್ಲವು. ಒಡೆದ ಬಲೂನಿನ ಚೂರು, ಗಾಳಿಯಾಡದ ಪ್ಲಾಸ್ಟಿಕ್ ಚೀಲ, ಒಂದು ಗೇಣಿಗಿಂತ ಉದ್ದದ ದಾರ ಇವು ಕೂಸಿನ ಆಟದ ಜಾಗದಲ್ಲಿ ಇರಕೂಡದು.

ನಾಲ್ಕನೆಯದು ಬಣ್ಣ. ಮಗನ ಕಾಲದ ಮರದ ಗಾಡಿಯ ಹಳದಿ ಬಣ್ಣ ಚಕ್ಕೆ ಏಳುತ್ತಿತ್ತು. ಹಿಂದೆ ಬಣ್ಣಗಳಿಗೆ ಸೀಸ ಬೆರೆಸುತ್ತಿದ್ದರು. ಅದು ಹೊಟ್ಟೆಗೆ ಹೋದರೆ ಮಕ್ಕಳ ಮಿದುಳಿನ ಬೆಳವಣಿಗೆಗೆ ಕೇಡು. ನಮ್ಮ ದೇಶದಲ್ಲಿ ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ ಜಾರಿಯಾದದ್ದು 2017ರ ನವೆಂಬರಿನಲ್ಲಿ. ಗಾಡಿ ಅದಕ್ಕಿಂತ ಎಷ್ಟೋ ಹಳೆಯದು. ಈಗ ಅದು ಗಾಜಿನ ಬೀರುವಿನಲ್ಲಿ ನೆನಪಿನ ವಸ್ತುವಾಗಿ ಕೂತಿದೆ. ದಸರಾ ಗೊಂಬೆಗಳಿಗೂ ಇದೇ ಮಾತು. ಅವು ನೋಡಲು, ಕಥೆ ಹೇಳಲು. ಕೂಸಿನ ಬಾಯಿಗಲ್ಲ.

ಹೊಸದು ಕೊಳ್ಳುವಾಗ ಐಎಸ್‌ಐ ಗುರುತು ನೋಡಿ. 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳಿಗೆ ಅದು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳು ಮಾಡಿದ ಆಟಿಕೆಗಳಿಗೂ, ಭೌಗೋಳಿಕ ಗುರುತು ಪಡೆದವಕ್ಕೂ ವಿನಾಯಿತಿ ಇದೆ. ಹಾಗಾಗಿ ಚನ್ನಪಟ್ಟಣದ ಗೊಂಬೆಯಲ್ಲಿ ಆ ಗುರುತು ಕಾಣಲಿಲ್ಲವೆಂದು ಗಾಬರಿ ಬೇಡ. ಆಲೆಮರವನ್ನು ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತಿ, ತಾಳೆಗರಿಯಿಂದ ಉಜ್ಜಿ ಹೊಳಪು ಕೊಡುವ ಆಟಿಕೆಗಳವು. ಆದರೂ ಅಸಲಿ ಚನ್ನಪಟ್ಟಣದ್ದೇ ಎಂದು ಖಚಿತ ಮಾಡಿಕೊಂಡು, ಬಿಡಿಭಾಗ ಕಳಚುವುದೇ ಎಂದು ಎಳೆದು ನೋಡಿ ಕೊಡಿ. ಬ್ಯಾಟರಿ ಆಟಿಕೆಯಾದರೆ ಮುಚ್ಚಳಕ್ಕೆ ತಿರುಪು ಇರಲೇಬೇಕು. ಉಗುರಿಗೆ ಬಿಚ್ಚುವಂಥದ್ದು ಎಷ್ಟೇ ಅಗ್ಗವಾಗಲಿ ಬೇಡ. ಮುಗಿದ ಗುಂಡಿ ಬ್ಯಾಟರಿಯೂ ಅಪಾಯವೇ. ಎರಡೂ ಕಡೆ ಟೇಪು ಸುತ್ತಿ ಎತ್ತರದಲ್ಲಿಡಿ.

ಕೊನೆಯದು ನಮ್ಮಂಥ ಹಿರಿಯರಿಗೇ ಸೇರಿದ್ದು. ನನ್ನ ಬಿ.ಪಿ. ಮಾತ್ರೆಯ ಡಬ್ಬಿ ಟಿವಿ ಪಕ್ಕದಲ್ಲಿರುತ್ತಿತ್ತು. ಅಲ್ಲಾಡಿಸಿದರೆ ಗಿಲಕಿಯಂತೆ ಸದ್ದು. ಮಗುವಿನ ಕಣ್ಣಿಗೆ ಅದು ಆಟಿಕೆಯೂ ಹೌದು, ಪೆಪ್ಪರ್‌ಮೆಂಟೂ ಹೌದು. ಮಾತ್ರೆ, ಅಡಿಕೆ ಚೂರು, ಸುಣ್ಣದ ಡಬ್ಬಿ, ಸೂಜಿ ಎಲ್ಲವೂ ಈಗ ಬೀಗದ ಕಪಾಟಿನಲ್ಲಿವೆ. ಸಂಪಿನ ಮುಚ್ಚಳಕ್ಕೂ ಬೀಗ ಬಿತ್ತು. ಬಕೆಟ್ಟು ರಾತ್ರಿ ಬೋರಲು. ಗೇಣಿಗಿಂತ ಕಡಿಮೆ ನೀರಿನಲ್ಲೂ ಕೂಸು ಮುಳುಗಬಹುದು.

ಚಾಲ್ತಿ ಖಾತೆ, ಠೇವಣಿ ಖಾತೆ

ಎಲ್ಲ ಆಟಿಕೆಯನ್ನೂ ಒಟ್ಟಿಗೆ ಹರಡಿದರೆ ಮಕ್ಕಳು ಯಾವುದನ್ನೂ ಆಡುವುದಿಲ್ಲ, ತುಳಿದು ಜಾರುವುದೇ ಹೆಚ್ಚು. ನಾನು ಬ್ಯಾಂಕಿನ ಪದ್ಧತಿ ತಂದೆ. ಶೆಲ್ಫಿನಲ್ಲಿರುವುದು ಚಾಲ್ತಿ ಖಾತೆ, ಹದಿನೇಳು ಸಾಮಾನು ಮಾತ್ರ. ಉಳಿದದ್ದು ಅಟ್ಟದ ಪೆಟ್ಟಿಗೆಯಲ್ಲಿ ಠೇವಣಿ. ಭಾನುವಾರಕ್ಕೊಮ್ಮೆ ನಾಲ್ಕೈದು ಇಳಿಸಿ, ಅಷ್ಟನ್ನೇ ಮೇಲೆ ಇಡುತ್ತೇವೆ. ಹಳೆಯದೇ ಹೊಸದಾಗಿ ಬರುವ ಖುಷಿ ನೋಡಬೇಕು! ಅದೇ ಬಡ್ಡಿ.

ಬ್ಯಾಂಕಿನ ಭದ್ರತಾ ಕೊಠಡಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಒಬ್ಬರೇ ತೆರೆಯುವಂತಿಲ್ಲ. ಚಿಕ್ಕ ಕಾಯಿಗಳ ಡಬ್ಬಿಗೂ ಹಾಗೆಯೇ. ಮೊಮ್ಮಗ ಮತ್ತು ಒಬ್ಬ ದೊಡ್ಡವರು ಸೇರಿ ತೆಗೆಯಬೇಕು, ಕೂಸು ಮಲಗಿದಾಗ ಮೇಜಿನ ಮೇಲೆ ಆಡಬೇಕು, ಎಣಿಸಿ ಮುಚ್ಚಬೇಕು. ಗುಲಗಂಜಿಯ ಜಾಗಕ್ಕೆ ಹುಣಸೆಬೀಜ ಬಂದಿದೆ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಲೆಕ್ಕದ ಹೊತ್ತು. ಶೆಲ್ಫಿನ ಪ್ರತಿ ಅಂಕಣಕ್ಕೂ ಚಿತ್ರ ಅಂಟಿಸಿದ್ದೇವೆ. ಓದಲು ಬಾರದ ಮೊಮ್ಮಗಳೂ ಚೆಂಡನ್ನು ಚೆಂಡಿನ ಚಿತ್ರದ ಬಳಿ ಇಡುತ್ತಾಳೆ. ಅಣ್ಣ ಕ್ಯಾಷಿಯರು, ಪುಸ್ತಕದಲ್ಲಿ ಬರೆದು ಸಹಿ ಹಾಕುತ್ತಾನೆ. ನಾನು ಎರಡನೇ ಸಹಿ.

ಶಾಲೆಗೆ ಹೋಗುವ ಮಕ್ಕಳೇ, ನಿಮಗೂ ಮೂರು ಮಾತು. ನಿಮ್ಮ ಆಟಿಕೆ ನಿಮಗೆ ಕ್ಷೇಮವಾದರೂ ತಂಗಿ ತಮ್ಮಂದಿರಿಗೆ ಅಲ್ಲದಿರಬಹುದು. ಆಡಿದ ಮೇಲೆ ನೆಲ ನೋಡಿ. ಏನಾದರೂ ಮುರಿದರೆ, ಕಳೆದರೆ, ಪಾಪು ಬಾಯಿಗೆ ಹಾಕಿಕೊಂಡಿದ್ದನ್ನು ಕಂಡರೆ ಆ ಕ್ಷಣವೇ ದೊಡ್ಡವರಿಗೆ ಹೇಳಿ, ತಪ್ಪು ನಿಮ್ಮದೇ ಆಗಿದ್ದರೂ ಹೇಳಿ. ಮನೆಯಲ್ಲಿ ದೊಡ್ಡವರು ಸಿಗದಿದ್ದರೆ ಪಕ್ಕದ ಮನೆಗೆ ಓಡಿ. ಆಂಬುಲೆನ್ಸಿಗೆ 108 ಎಂಬುದು ಬಾಯಿಪಾಠವಿರಲಿ.

ಹಿರಿಯರೇ, ಮಗುವಿನ ಗಂಟಲಲ್ಲಿ ಏನಾದರೂ ಸಿಕ್ಕಿ ಅದು ಜೋರಾಗಿ ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ತುರುಕಬೇಡಿ, ಅದು ಇನ್ನೂ ಒಳಗೆ ಹೋಗುತ್ತದೆ. ಕೆಮ್ಮಲೂ ಅಳಲೂ ಆಗದಿದ್ದರೆ ಸಹಾಯಕ್ಕೆ ಕೂಗಿ. ವರ್ಷದೊಳಗಿನ ಕೂಸನ್ನು ತಲೆ ತಗ್ಗಿರುವಂತೆ ಮುಂಗೈ ಮೇಲೆ ಬೋರಲು ಮಲಗಿಸಿ, ಬೆನ್ನಿನ ನಡುವೆ ಅಂಗೈಯಿಂದ ಐದು ಪೆಟ್ಟು ಕೊಡಬೇಕು. ವಸ್ತು ಬರದಿದ್ದರೆ ತಿರುಗಿಸಿ ಎದೆಯ ನಡುವೆ ಐದು ಸಲ ಒತ್ತಬೇಕು. ಹೀಗೇ ಮತ್ತೆ ಮತ್ತೆ. ವರ್ಷ ದಾಟಿದ ಮಕ್ಕಳಿಗೆ ಕ್ರಮ ಸ್ವಲ್ಪ ಬೇರೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಒಮ್ಮೆ ಕೇಳಿ, ಕೈಯಲ್ಲಿ ಮಾಡಿ ಕಲಿಯಿರಿ. ಓದಿ ತಿಳಿದದ್ದು ಗಾಬರಿಯಲ್ಲಿ ಮರೆಯುತ್ತದೆ, ಕೈ ಕಲಿತದ್ದು ಮರೆಯುವುದಿಲ್ಲ.

ಈ ಬೇಸಿಗೆಯಲ್ಲಿ ಮಕ್ಕಳು ಮತ್ತೆ ಬಂದಿದ್ದರು. ಒಂದು ಮಧ್ಯಾಹ್ನ ನಾನು ಆರಾಮ ಕುರ್ಚಿಯಲ್ಲಿ ತೂಕಡಿಸುತ್ತಿದ್ದೆ. ಮೊಮ್ಮಗ ಬಂದು ಭುಜ ಅಲ್ಲಾಡಿಸಿದ. ಕೈಯಲ್ಲಿ ಮುರಿದ ಕಾರು. ‘ಅಜ್ಜ, ಚಕ್ರ ನಾನೇ ಕಿತ್ತುಬಿಟ್ಟೆ. ಅದರ ಚಿಕ್ಕ ಮೊಳೆ ಸಿಗ್ತಿಲ್ಲ. ಪಾಪುನ ಅಮ್ಮನ ಹತ್ರ ಕೊಟ್ಟು ಬಂದಿದೀನಿ’ ಎಂದ. ಇಬ್ಬರೂ ಮೊಣಕಾಲೂರಿ ಹುಡುಕಿದೆವು. ನನ್ನ ಮೊಣಕಾಲು ನೋವು ಆ ಹೊತ್ತಿಗೆ ನೆನಪಾಗಲಿಲ್ಲ. ಚಾಪೆಯ ಅಂಚಿನಲ್ಲಿ ಮೊಳೆ ಸಿಕ್ಕಿತು.

ಅಂದಿನ ಪುಟದಲ್ಲಿ ಅವನೇ ಬರೆದಿದ್ದಾನೆ: ‘ಆಟಿಕೆ 17. ಮುರಿದದ್ದು 1. ಕಳೆದದ್ದು ಇಲ್ಲ.’ ಕೆಳಗೆ ಅವನ ಸಹಿ, ಅದರ ಪಕ್ಕ ನನ್ನದು.